ಅಮ್ಮ ಅಳಿಸಿದ ಚುಕ್ಕೆ

ಉತ್ತರಹಳ್ಳಿಯ ನಮ್ಮ ಬಡಾವಣೆಯ ಫುಟ್‌ಬಾಲ್ ತಂಡಕ್ಕೆ ನಾನು ಕೋಚ್ ಆದಾಗಿನಿಂದ ಒಂದಲ್ಲ ಒಂದು ಎಡವಟ್ಟು ನಡೆಯುತ್ತಲೇ ಇದೆ. ವರ್ಷಕ್ಕೊಮ್ಮೆ ಇಟ್ಟಮಡುವಿನವರ ಜೊತೆ ಮ್ಯಾಚು. ಮೂರು ವರ್ಷದಿಂದ ಬರೀ ಸೋಲು. ಈ ಸಲವೂ ಸೋತರೆ ನಾನು ಸೀಟಿ ಬೇರೆಯವರಿಗೆ ಕೊಡಬೇಕು ಅಂತ ಸಂಘದವರು ಕಾಫಿ ಕುಡಿಯುತ್ತಲೇ ತೀರ್ಮಾನ ಮಾಡಿಬಿಟ್ಟರು. ಬಿಟ್ಟುಕೊಡಲು ನಾನು ಸಿದ್ಧನಿರಲಿಲ್ಲ. ಟಿವಿಯಲ್ಲಿ ನಮ್ಮ ದೇಶದ ತಂಡ ಆಡುವುದನ್ನು ನೋಡಿ ಅವರ ವ್ಯೂಹವನ್ನೇ ಬರೆದುಕೊಂಡೆ. ಗೋಲ್‌ಕೀಪರ್ ಮುಂದೆ ನಾಲ್ವರು, ಅವರ ಮುಂದೆ ಇಬ್ಬರು, ಆಮೇಲೆ ಮೂವರು, ತುದಿಯಲ್ಲಿ ಗೋಲು ಹೊಡೆಯಲು ಒಬ್ಬ.

೧. ಯಜಮಾನರ ಜಾಗ

ದೇಶದ ತಂಡದಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ಕೋಚ್ ಹೇಳುತ್ತಾನೆ. ನಾವು ಆಡುವ ಖಾಲಿ ಸೈಟು ಮಾತ್ರ ಒಬ್ಬ ಯಜಮಾನರದ್ದು. ಒಂದು ಕಾಲಕ್ಕೆ ಅಲ್ಲಿ ಅವರೇ ರಾಗಿ ಬೆಳೆಯುತ್ತಿದ್ದರು. ಹೋದ ತಿಂಗಳಷ್ಟೇ ಮದುವೆಯಾದ ಅವರ ಮಗನನ್ನು ಗೋಲ್‌ಕೀಪರ್ ಮಾಡಿದೆ. ಅಪ್ಪನ ಮಾತಿಗೆ ಎದುರಾಡದ ಮಗ, ನಿಲ್ಲಿಸಿದಲ್ಲಿ ನಿಲ್ಲುತ್ತಾನೆ ಅಂತ ನಂಬಿಕೆ. ಯಜಮಾನರನ್ನು ಡಿಫೆನ್ಸಿಗೆ ಕರೆದೆ.

"ಕಾಯೋಕೆ ನಾನೇನು ವಾಚ್‌ಮನ್ನಾ? ಸೈಟ್ ನಂದು. ಮುಂದೆ ನಾನೇ ನಿಂತ್ಕೋತೀನಿ."

"ಮುಂದೆ ಆದ್ರೆ ಓಡ್ಬೇಕಾಗುತ್ತೆ ಸಾರ್."

"ನನ್ ಜಮೀನಲ್ಲಿ ನಾನ್ಯಾಕ್ರೀ ಓಡ್ಲಿ? ಬಾಲ್ ಕಳ್ಸಿ."

೨. ಬೆನ್ನು ಬಿಡದವರು

ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿಗೆ ಎದುರಾಳಿಯ ಬೆನ್ನು ಹತ್ತುವ ಕೆಲಸ. ಪ್ರಾಕ್ಟೀಸಿನ ದಿನ ಒಬ್ಬನನ್ನು ತೋರಿಸಿ, "ಏನೇ ಆದ್ರೂ ಇವನ ಬೆನ್ನು ಬಿಡ್ಬೇಡಿ" ಅಂದೆ. ಹತ್ತು ನಿಮಿಷಕ್ಕೆ ಇಬ್ಬರೂ ನಾಪತ್ತೆ. ಹುಡುಕಿಕೊಂಡು ಹೋದರೆ ರಸ್ತೆ ತಿರುವಿನ ಎಳನೀರಿನ ಗಾಡಿ ಹತ್ತಿರ ನಿಂತಿದ್ದರು.

"ಏನ್ ಸಾರ್ ಇದು?"

"ನೀವೇ ತಾನೇ ಹೇಳಿದ್ದು? ಅವನು ಎರಡ್ನೇದು ಕುಡೀತಿದಾನೆ. ನಂದೂ ಎರಡ್ನೇದೇ."

೩. ಚುಕ್ಕೆ

ಮ್ಯಾಚಿನ ಹಿಂದಿನ ದಿನ, ಎಲ್ಲರಿಗೂ ಕಣ್ಣಿಗೆ ಕಾಣಲಿ ಅಂತ ಅಮ್ಮನ ರಂಗೋಲಿ ಡಬ್ಬಿ ತಂದು ಮನೆ ಮುಂದೆ ಹನ್ನೊಂದು ಚುಕ್ಕೆ ಇಟ್ಟೆ. ತಂಡದವರನ್ನು ಕರೆದುಕೊಂಡು ಬರುವಷ್ಟರಲ್ಲಿ ವ್ಯೂಹ ಹೋಗಿ ಅಲ್ಲೊಂದು ಬಳ್ಳಿ ಹೂ ಬಿಟ್ಟಿತ್ತು.

"ಚುಕ್ಕೆ ಇಟ್ಟು ಹಾಗೇ ಬಿಡ್ತಾರೇನೋ? ನಾನೇ ಸೇರಿಸ್ದೆ," ಅಂದಳು ಅಮ್ಮ.

"ಹತ್ತೇ ಇದೆಯಲ್ಲಮ್ಮಾ?" ಅಂತ ರೇಗಿದೆ.

"ಹಿಂದೆ ಒಂದು ಒಂಟಿಯಾಗಿ ನಿಂತಿತ್ತು. ಅಲ್ಲೇನು ಕೆಲ್ಸ ಅದಕ್ಕೆ? ಅಳಿಸ್ದೆ."

ಅವಳು ಅಳಿಸಿದ್ದು ನಮ್ಮ ಗೋಲ್‌ಕೀಪರನ್ನು.

೪. ಕೊನೆಯ ಐದು ನಿಮಿಷ

ಮ್ಯಾಚಿನ ದಿನ ವ್ಯೂಹ ನಿಜಕ್ಕೂ ಕೆಲಸ ಮಾಡಿತು. ಕೊನೆಯ ಐದು ನಿಮಿಷದವರೆಗೂ ಎರಡೂ ಕಡೆ ಗೋಲಿಲ್ಲ. ಆಗ ಇಟ್ಟಮಡುವಿನ ಗೋಲ್‌ಕೀಪರನ ಕಾಲು ಉಳುಕಿತು. ನೋಡಲು ಬಂದಿದ್ದ ಅವರ ಕಡೆಯ ಹಿರಿಯರೊಬ್ಬರು ಗ್ಲೌಸು ಹಾಕಿಕೊಂಡು ನಿಂತರು. ಅಷ್ಟರಲ್ಲಿ ಬಾಲು ಉರುಳುತ್ತಾ ಬಂದು ಯಜಮಾನರ ಕಾಲಿನ ಹತ್ತಿರವೇ ನಿಂತಿತು. ಎದುರಿಗೆ ಆ ಹಿರಿಯರು ಬಿಟ್ಟರೆ ಯಾರೂ ಇಲ್ಲ.

"ಹೊಡೀರಿ ಸಾರ್," ಅಂತ ಕೂಗಿದೆ. ಯಜಮಾನರು ಕಾಲೆತ್ತಿದರು. ಆ ಹಿರಿಯರ ಮುಖ ನೋಡಿ ಹಾಗೇ ಇಳಿಸಿದರು. ಅವರು ಮಗನ ಮಾವ.

"ಬೀಗ್ರೇ, ನೀವಾ? ಯಾವಾಗ್ ಬಂದ್ರಿ?"

"ಈಗ್ಲೇ. ಹೊಡೀರಿ ಬೀಗ್ರೇ, ಸಂಕೋಚ ಬೇಡ."

"ಛೆ ಛೆ, ನಿಮ್ ಮುಂದೆ ಕಾಲೆತ್ತೋದಾ?"

ಹಾಗಂದು ತಿರುಗಿ ಮಗನಿಗೆ ಕೂಗಿದರು: "ಲೋ, ನಿಮ್ ಮಾವನೋರು ಬಂದವ್ರೆ. ಬಂದು ಆಶೀರ್ವಾದ ತಗೊಳ್ಳೋ."

ನಿಲ್ಲಿಸಿದಲ್ಲಿ ನಿಲ್ಲುತ್ತಾನೆ ಅಂತ ನಾನು ನಂಬಿದ್ದ ಮಗ ನಮ್ಮ ಗೋಲು ಬಿಟ್ಟು ಓಡಿಬಂದ. ನಾನು ಜೋಡಿಸಿದ್ದ ನಾಲ್ವರು, ಇಬ್ಬರು, ಮೂವರು ಎಲ್ಲರೂ ಸರಿದು ದಾರಿ ಬಿಟ್ಟರು. ಅವನು ಬಾಲಿನ ಹತ್ತಿರ ಬಂದು ನಿಂತಿದ್ದ ಮಾವನ ಕಾಲು ಮುಟ್ಟಿದ. ಅವರು ತಲೆ ಮೇಲೆ ಕೈಯಿಟ್ಟು "ಚೆನ್ನಾಗಿರಪ್ಪ" ಅಂದು, ಬಿಡುವಾಗಿದ್ದ ಕಾಲಿನಿಂದ ಬಾಲಿಗೊಂದು ಒದೆ ಕೊಟ್ಟರು.

ಅದು ಪುಟಿಯುತ್ತಾ ಪುಟಿಯುತ್ತಾ ಇಡೀ ಸೈಟು ದಾಟಿ ನಮ್ಮ ಗೋಲಿನೊಳಗೆ ಹೋಗಿ ಕೂತಿತು. ನನಗೆ ಅಳುವೇ ಬಂತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮ ನಮ್ಮ ಗೋಲಿನ ಕಡೆ ಕೈ ತೋರಿಸಿದಳು.

"ಅಳಿಸಿದ್ದಕ್ಕೆ ನೆನ್ನೆ ರೇಗ್ದೆಯಲ್ಲ. ಈಗ ನೋಡು, ಅಲ್ಲಿ ಯಾರಿದಾರೆ?"

ಕೊರಳಿನ ಸೀಟಿ ತೆಗೆದು ಅಮ್ಮನ ಕೈಗೆ ಕೊಟ್ಟೆ.