ಹತ್ತೊಂಬತ್ತನೆಯ ಕಂಬದಲ್ಲಿ ನಿಂತ ಲೇತಿಗೆ

ಮಾರ್ಚ್ ಹದಿನೈದು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಮಹಡಿಯ ಹಿಂಬದಿ ಕೋಣೆ. ಮೆಟ್ಟಿಲಿನ ರೇಲಿಂಗ್ ತೆಗೆದು ಇಂದಿಗೆ ನಲವತ್ತೆರಡು ದಿನ. ಯಂತ್ರ ನಿಂತದ್ದು ಫೆಬ್ರವರಿ ಹದಿನೈದಕ್ಕೆ. ಮತ್ತೆ ತಿರುಗಿದ್ದು ನಿನ್ನೆ ಸಂಜೆ.

ಮರ ಕಡೆಯುವ ಲೇತ್ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ನಿನ್ನೆ ಸಂಜೆ ಕಣ್ಣಾರೆ ಕಂಡಿರುವುದರಿಂದ ಕುಶಲ ಕೇಳುವ ಶಿಷ್ಟಾಚಾರವನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರಲು ಅಪ್ಪಣೆ ಬೇಡುತ್ತೇನೆ. ನಾನು ಯಾರೆಂದು ತಮಗೆ ನೆನಪಿರಲಾರದು. ವಾರದ ಆರು ದಿನ ಮುದ್ರಣಾಲಯದಲ್ಲಿ ಕುಳಿತು ಬೇರೆಯವರ ಕರಡು ತಿದ್ದಿ, ಏಳನೆಯ ದಿನ ಉಳಿ ಹಿಡಿದು ತಮ್ಮ ಮುಂದೆ ನಿಲ್ಲುವವನು ನಾನೇ. ನನ್ನ ಷಡ್ಡಕರು ಮೂರು ವರ್ಷ ತಮ್ಮನ್ನು ಸಾಕಿ, ಆಮೇಲೆ ಅವರ ಆಸಕ್ತಿ ಬಣ್ಣದ ಮೀನುಗಳ ಕಡೆಗೆ ತಿರುಗಿದ್ದರಿಂದ ತಮ್ಮನ್ನು ನಮ್ಮ ಮನೆಗೆ ಕಳುಹಿಸಿಕೊಟ್ಟರು. ಕಳುಹಿಸುವ ಮುಂಚೆ ತಮ್ಮ ಒಳಗಿನ ಹಳೆಯ ತಂತಿಗಳನ್ನೆಲ್ಲ ಕಿತ್ತು ಹೊಸದನ್ನು ಹಾಕಿಸಿದ್ದು ಅವರ ಔದಾರ್ಯ. ಮನೆಯಲ್ಲಿ ಒಂದು ಸುರುಳಿ ಕಪ್ಪು ತಂತಿ ಉಳಿದಿತ್ತೆಂದು ಏಳಕ್ಕೆ ಏಳನ್ನೂ ಕಪ್ಪಿನಲ್ಲೇ ಹಾಕಿದ್ದು ಅವರ ಮಿತವ್ಯಯ. ಈ ಎರಡು ಸದ್ಗುಣಗಳ ನಡುವೆ ನಾನು ಒಂದು ತಿಂಗಳು ಸಿಕ್ಕಿಹಾಕಿಕೊಂಡಿದ್ದೆ.

ಫೆಬ್ರವರಿ ಒಂದರಂದು ನಮ್ಮ ಮೆಟ್ಟಿಲಿನ ಕಬ್ಬಿಣದ ರೇಲಿಂಗನ್ನು ಕೊಯ್ಯಿಸಿ ಗುಜರಿಗೆ ಹಾಕಿದೆನೆಂಬುದು ತಮಗೆ ತಿಳಿದೇ ಇದೆ, ಏಕೆಂದರೆ ತಮ್ಮ ಮೇಲಿನ ಭರವಸೆಯಿಂದಲೇ ನಾನು ಆ ಸಾಹಸಕ್ಕೆ ಕೈಹಾಕಿದ್ದು. ಮರದ ಮೂವತ್ತೆರಡು ಕಂಬಗಳು, ಪ್ರತಿಯೊಂದಕ್ಕೂ ನಡುವೆ ಒಂದು ಉಬ್ಬು, ಮೇಲೊಂದು ಕೊರಳು. ಎರಡೇ ಭಾನುವಾರದಲ್ಲಿ ಎಲ್ಲವೂ ಮುಗಿಯುತ್ತದೆಂದು ಮನೆಯವರಿಗೆ ಮಾತು ಕೊಟ್ಟಿದ್ದೆ. ಮಹಡಿಯ ಮೇಲೆ, ಈ ಕೋಣೆಯ ಪಕ್ಕದ ಕೋಣೆಯಲ್ಲಿ, ನನ್ನ ಅತ್ತೆಯವರು ಇರುತ್ತಾರೆ. ಅವರ ಬಲ ಮೊಣಕಾಲು ಕೆಲಸ ಬಿಟ್ಟು ಎರಡು ವರ್ಷವಾಯಿತು. ಹಿಡಿಯಲು ಗಟ್ಟಿಯಾದದ್ದೊಂದು ಇದ್ದರೆ ಮಾತ್ರ ಮೆಟ್ಟಿಲು ಇಳಿಯಬಲ್ಲರು. ರೇಲಿಂಗ್ ಹೋದ ದಿನ ಅದರ ಜಾಗದಲ್ಲಿ ನಾನು ದಪ್ಪನೆಯ ಹಗ್ಗವೊಂದನ್ನು ಬಿಗಿದು ಕಟ್ಟಿ ತೋರಿಸಿದೆ. ಅವರು ಮೇಲಿನ ಮೆಟ್ಟಿಲಲ್ಲಿ ನಿಂತು ಅದನ್ನೊಮ್ಮೆ ನೋಡಿ, "ಇದೇನು ಅಳಿಯಂದಿರೇ, ನನ್ನನ್ನ ಬಾವಿಗೆ ಇಳಿಸ್ತೀರಾ?" ಎಂದು ಕೇಳಿ ತಮ್ಮ ಕೋಣೆಗೆ ಹಿಂತಿರುಗಿದರು. ಅಂದಿನಿಂದ ಅವರ ಊಟ ಮೇಲೆ ಹೋಗುತ್ತದೆ, ತಟ್ಟೆ ಕೆಳಗೆ ಬರುತ್ತದೆ. ಸಂಜೆ ಗೇಟಿನ ಬಳಿ ಎದುರು ಮನೆಯ ಗೆಳತಿಯೊಂದಿಗೆ ಅವರು ಆಡುತ್ತಿದ್ದ ಮಾತು ಈಗ ಬಾಲ್ಕನಿಯಿಂದ ಬೀದಿಗೆ ನಡೆಯುತ್ತದೆ. ಇಬ್ಬರಿಗೂ ಕಿವಿ ಮಂದವಾದ್ದರಿಂದ ಯಾರ ಮನೆಯ ಸೊಸೆ ಎಷ್ಟು ಹೊತ್ತಿಗೆ ಏಳುತ್ತಾಳೆ, ಯಾರ ಗುಳಿಗೆ ಯಾರಿಗೆ ಮಲಬದ್ಧತೆ ಮಾಡಿತು ಎಂಬುದು ಇಡೀ ಬೀದಿಗೆ ಗೊತ್ತು. ಇದರ ಶ್ರೇಯಸ್ಸೂ ತಮಗೇ ಸಲ್ಲಬೇಕು.

ಹದಿನೆಂಟು ಕಂಬಗಳವರೆಗೆ ತಮ್ಮ ನಡತೆಯ ಬಗ್ಗೆ ನನ್ನದೊಂದು ಆಕ್ಷೇಪವೂ ಇಲ್ಲ. ಹತ್ತೊಂಬತ್ತನೆಯದರ ಉಬ್ಬು ಮುಗಿದು ಕೊರಳು ಶುರುವಾಗಬೇಕು, ಆಗ ತಾವು ನಿಂತಿರಿ. ಗುಡುಗಲಿಲ್ಲ, ಹೊಗೆಯಾಡಲಿಲ್ಲ, ಕಿಡಿ ಹಾರಿಸಲಿಲ್ಲ. ಸಭೆಯ ನಡುವೆ ಎದ್ದು ಹೋಗುವ ದೊಡ್ಡ ಮನುಷ್ಯರಂತೆ ಸದ್ದಿಲ್ಲದೆ ವಿರಮಿಸಿದಿರಿ. ಮರುವಾರ ತಮ್ಮ ಪಕ್ಕದ ಡಬ್ಬಿಯ ಮುಚ್ಚಳ ಬಿಚ್ಚಿ ನೋಡಿದೆ. ಸ್ವಿಚ್ಚಿನ ಒಂದು ತಿರುಪು ಸಡಿಲವಾಗಿ, ತಂತಿಯ ತುದಿ ಕಾದು, ಸುತ್ತಲಿನ ಪ್ಲಾಸ್ಟಿಕ್ ಕಂದಾಗಿತ್ತು. ಹೊಸ ಸ್ವಿಚ್ ತಂದೆ. ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಏಳು ಕಪ್ಪು ತಂತಿಗಳನ್ನು ಬಿಡಿಸುವ ಮುಂಚೆ ಯಾವುದು ಎಲ್ಲಿಯದೆಂದು ಗುರುತಿಡದೆ ಇರುವಷ್ಟು ಬೇಜವಾಬ್ದಾರಿ ನನ್ನದಲ್ಲ: ಒಂದು ಎಂದರೆ ಫೇಸ್, ಎರಡು ನ್ಯೂಟ್ರಲ್, ಮೂರು ಅರ್ತ್, ನಾಲ್ಕರಿಂದ ಏಳು ಮೋಟಾರಿನವು. ಒಂದೊಂದಕ್ಕೂ ಪುಟ್ಟ ಕಾಗದದ ಚೀಟಿಯ ಮೇಲೆ ಅಂಕಿ ಬರೆದು ಅಂಟಿಸಿದೆ. ನಕ್ಷೆಯೊಂದನ್ನು ಬರೆದಿಟ್ಟುಕೊಳ್ಳಿ ಎಂದು ಹೆಂಡತಿ ಹೇಳಿದಳು. ನಕ್ಷೆ ಬರೆಯುವುದು ಚೀಟಿಯ ಮೇಲೆ ನಂಬಿಕೆ ಇಲ್ಲದವರ ಕೆಲಸವೆಂದು ನಾನು ಹೇಳಿದೆ. ಈ ವಾಕ್ಯವನ್ನು ಆಕೆ ನಿನ್ನೆ ಸಂಜೆಯಿಂದ ನನಗೆ ಐದು ಬಾರಿ ಹಿಂತಿರುಗಿಸಿದ್ದಾಳೆ.

ತಂತಿಗಳನ್ನು ಬಿಡಿಸಿ ಡಬ್ಬಿಯನ್ನು ತೆರೆದಂತೆಯೇ ಬಿಟ್ಟಿದ್ದೆ, ನಡುವೆ ವಾರದ ದಿನಗಳು ಬಂದವು. ಮುಂದಿನ ಭಾನುವಾರ ನೋಡಿದರೆ ಚೀಟಿಗಳ ಮೇಲೆ ಮೊಣಕಾಲಿಗೆ ಅಂಟಿಸುವ ಔಷಧಿ ಪಟ್ಟಿಯ ತುಂಡುಗಳು ಅಚ್ಚುಕಟ್ಟಾಗಿ ಸುತ್ತಿದ್ದವು. ನನ್ನ ಅಂಟು ಸಾಲದೆಂದು ಅತ್ತೆಯವರು ಅವುಗಳನ್ನು ಭದ್ರಪಡಿಸಿದ್ದಾರೆಂದು ತಿಳಿದು, "ತುಂಬಾ ಉಪಕಾರವಾಯ್ತು" ಎಂದು ಅವರ ಕೋಣೆಯ ಬಾಗಿಲಲ್ಲಿ ನಿಂತು ಹೇಳಿಬಂದೆ. ಅವರಿಗೆ ಬಹಳ ಸಂತೋಷವಾಯಿತು. ಆಮೇಲೆ ಅಂಕಿ ನೋಡಿ ತಂತಿಗಳನ್ನು ಹೊಸ ಸ್ವಿಚ್ಚಿಗೆ ಜೋಡಿಸಿದೆ, ಮೂರನೆಯದನ್ನು ತಮ್ಮ ಮೈಯ ತಿರುಪಿಗೆ ಬಿಗಿದೆ, ಪ್ಲಗ್ ಹಾಕಿದೆ, ಗುಂಡಿ ಒತ್ತಿದೆ. ತಾವು ಮೌನ ವಹಿಸಿದಿರಿ.

ತಮ್ಮ ಮೌನದ ಗಾಂಭೀರ್ಯವನ್ನು ವರ್ಣಿಸಲು ನನ್ನ ಬಳಿ ಪದಗಳಿಲ್ಲ. ಸರ್ಕಾರಿ ಕಚೇರಿಯ ಎಷ್ಟೋ ಗುಮಾಸ್ತರನ್ನು ನೋಡಿದ್ದೇನೆ. ಅವರೂ ಕೊನೆಗೊಮ್ಮೆ ತಲೆಯೆತ್ತುತ್ತಾರೆ. ಪ್ಲಗ್ ಬದಲಾಯಿಸಿದೆ, ಗೋಡೆಯ ಸಾಕೆಟ್ ಬದಲಾಯಿಸಿದೆ, ಫ್ಯೂಸ್ ಬಿಚ್ಚಿ ಉಜ್ಜಿ ಹಾಕಿದೆ. ಫೋನಿನಲ್ಲಿ ಷಡ್ಡಕರು "ಕಂಡೆನ್ಸರ್ ಹೋಗಿರುತ್ತೆ ಬಿಡಿ" ಎಂದರು. ಫ್ಯಾನು, ಮಿಕ್ಸಿ, ಒಮ್ಮೆ ನಮ್ಮ ಗೋಡೆ ಗಡಿಯಾರಕ್ಕೂ ಅವರು ಹೇಳಿದ್ದು ಅದನ್ನೇ. ಆದರೂ ಕಂಡೆನ್ಸರನ್ನೂ ಬದಲಾಯಿಸಿದೆ. ಒಂದು ಮತ್ತು ಎರಡು ಎಂದು ಬರೆದ ತಂತಿಗಳ ನಡುವೆ ಮೀಟರ್ ಹಿಡಿದರೆ ಸೊನ್ನೆ ತೋರಿಸಿತು. ಮೀಟರಿನ ಬ್ಯಾಟರಿ ಬದಲಾಯಿಸಿದೆ, ಮತ್ತೆ ಸೊನ್ನೆ. ಮಾರ್ಚ್ ಎಂಟರಂದು ಟೆಸ್ಟರನ್ನು ತಮ್ಮ ಕಬ್ಬಿಣದ ಮೈಗೇ ಮುಟ್ಟಿಸಿದೆ. ಟೆಸ್ಟರಿನ ಹಿಡಿಯೊಳಗಿನ ದೀಪ ಹತ್ತಿತು. ಗುಂಡಿ ಆರಿಸಿದರೂ ಹತ್ತಿತು. ಕರೆಂಟೇ ಬಾರದ ಯಂತ್ರದ ಮೈಯಲ್ಲಿ ದೀಪ ಹತ್ತುವುದೆಂದರೆ ಟೆಸ್ಟರ್ ಹಾಳಾಗಿದೆ ಎಂದಲ್ಲದೆ ಬೇರೇನು ಅರ್ಥ? ಅದನ್ನು ಕಸದ ಬುಟ್ಟಿಗೆ ಹಾಕಿ ಊಟಕ್ಕೆ ಇಳಿದೆ.

ಇಲ್ಲಿ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಇನ್ನು ಮುಂದೆ ತಾವು ಕೆಡುವ ಇರಾದೆ ಇದ್ದರೆ ಎರಡು ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕು. ಸಾಧ್ಯವಾದರೆ ಕಂಬವೊಂದರ ಕೊರಳು ಮುಗಿದ ಮೇಲೆ, ಮುಂದಿನದನ್ನು ಹಿಡಿಯುವ ಮೊದಲು ಕೆಡಬೇಕು. ಯಾವ ತಂತಿಯಲ್ಲಿ ತೊಂದರೆ ಇದೆಯೋ ಅದನ್ನು ತಾವೇ ಸ್ವಲ್ಪ ಅಲ್ಲಾಡಿಸಿ ತೋರಿಸಬೇಕು. ಯಜಮಾನನು ತಪ್ಪು ತಂತಿಯನ್ನು ತಪ್ಪು ತಿರುಪಿಗೆ ಬಿಗಿಯುತ್ತಿರುವಾಗ ಒಂದು ಸಣ್ಣ ಕೆಮ್ಮು ಸಾಕು, ನಾನು ನಿಲ್ಲಿಸುತ್ತೇನೆ. ಇಷ್ಟೂ ಆಗದಿದ್ದರೆ, ನನ್ನ ಕೈಬರಹಕ್ಕೂ ಟೆಸ್ಟರಿನ ದೀಪಕ್ಕೂ ಭಿನ್ನಾಭಿಪ್ರಾಯ ಬಂದಾಗ ದೀಪದ ಪರವಾಗಿ ಸಾಕ್ಷಿ ನುಡಿಯುವ ಕೃಪೆಯನ್ನಾದರೂ ತೋರಬೇಕು.

ನಿನ್ನೆ ಸಂಜೆ ಹೆಂಡತಿ ನನ್ನನ್ನು ಕೇಳದೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿದಳು. ಅವನು ಮುಚ್ಚಳ ತೆಗೆದು ಚೀಟಿಗಳನ್ನು ನೋಡಿ, "ಸಾರ್, ಎಡದಿಂದ ಬಲಕ್ಕೆ ಒಂದು ಎರಡು ಮೂರು ಅಂತ ಇಷ್ಟು ಸಾಲಾಗಿ ಯಾವ ಮೆಷಿನಲ್ಲೂ ಬರಲ್ವಲ್ಲ, ಯಾರು ಬರೆದಿದ್ದು?" ಎಂದ. ನಾನೇ ಬರೆದದ್ದು ಎಂದೆ. ಆಗ ಬಾಗಿಲಲ್ಲಿ ನಿಂತಿದ್ದ ಅತ್ತೆಯವರು ಹೆಮ್ಮೆಯಿಂದ, "ಬರೆದಿದ್ದು ಅವರು, ಅಂಟಿಸಿದ್ದು ನಾನಪ್ಪ. ಎಲ್ಲಾ ಉದುರಿ ನೆಲದ ಮೇಲೆ ಬಿದ್ದಿತ್ತು. ಒಂದೆರಡು ಉಳಿದಿದ್ವು, ಅವೂ ಹಿಂದೆ ಮುಂದೆ ಆಗಿದ್ವು. ನಾನು ಎಲ್ಲಾ ತೆಗೆದು ವರಸೆಯಾಗಿ ಹಚ್ಚಿದೆ. ಮೇಲೆ ಕೂತು ನನಗಾದ್ರೂ ಏನು ಕೆಲಸ ಹೇಳು?" ಎಂದರು. ಹೆಂಡತಿ ಗೋಡೆಗೆ ಒರಗಿ ನಗಲು ಶುರುಮಾಡಿದಳು. "ನಿಮ್ಮ ಅಕ್ಷರ ಒಂದು ಕಂಡುಬಿಟ್ರೆ ಸಾಕು, ಕರೆಂಟನ್ನೂ ನಂಬಲ್ಲ ನೀವು" ಎಂದಳು. ನಾನೂ ನಕ್ಕೆ. ಎಲೆಕ್ಟ್ರಿಷಿಯನ್ ಒಬ್ಬನೇ ನಗಲಿಲ್ಲ.

ಅವನು ನೋಡುತ್ತಿದ್ದುದು ತಮ್ಮ ಮೈಮೇಲೆ ಹರವಿದ್ದ ಟವಲನ್ನು. ಈ ಕೋಣೆಯ ಕಿಟಕಿಯಿಂದ ಬೆಳಗಿನ ಬಿಸಿಲು ನೇರವಾಗಿ ತಮ್ಮ ಮೇಲೆ ಬೀಳುತ್ತದೆ. ತಾವು ಉದ್ದವಾಗಿಯೂ ನೇರವಾಗಿಯೂ ಇದ್ದೀರಿ. ಆದ್ದರಿಂದ ಕೆಳಗೆ ಹೋಗಲಾಗದ ಅತ್ತೆಯವರು ಒದ್ದೆ ಬಟ್ಟೆಗಳನ್ನು ಇಪ್ಪತ್ತು ದಿನಗಳಿಂದ ತಮ್ಮ ಮೇಲೆಯೇ ಒಣಗಿಸುತ್ತಿದ್ದರು. ಅತ್ತೆಯವರು ತಮ್ಮ ಕೋಣೆಗೂ ಹೆಂಡತಿ ಕೆಳಗೂ ಹೋದ ಮೇಲೆ ಅವನು ದನಿ ತಗ್ಗಿಸಿ, "ಸಾರ್, ಮೂರು ಅಂತ ಅಂಟಿಸಿರೋದು ಫೇಸು. ಅದನ್ನ ನೀವು ಬಾಡಿಗೇ ಬಿಗಿದಿದ್ದೀರ. ಮರದ ಟೇಬಲ್ ಮೇಲೆ ಇದೆ ಅಂತ ಫ್ಯೂಸ್ ಹೋಗಿಲ್ಲ. ಗೋಡೆ ಸ್ವಿಚ್ ಹಾಕಿದ್ದಾಗ ಅಜ್ಜಿ ಟವಲ್ ತೆಗೆಯೋಕೆ ಬಂದಿದ್ರೆ?" ಎಂದು ಕೇಳಿದ.  ನಂತರ ಹತ್ತು ನಿಮಿಷದಲ್ಲಿ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಅವುಗಳ ಜಾಗಕ್ಕೆ ಹಾಕಿದ, ಅರ್ತ್ ತಂತಿಗೆ ಹಸಿರು ಟೇಪು ಸುತ್ತಿದ, ಗುಂಡಿ ಒತ್ತಿದ. ತಾವು ಏನೂ ಆಗಿಲ್ಲವೆಂಬಂತೆ ತಿರುಗಿದಿರಿ.

ಮಾರ್ಚ್ ಎಂಟರ ಮಧ್ಯಾಹ್ನ, ಟೆಸ್ಟರನ್ನು ಬುಟ್ಟಿಗೆ ಹಾಕಿ ಊಟಕ್ಕೆ ಇಳಿಯುವಾಗ, ಗೋಡೆಯ ಸ್ವಿಚ್ ಆರಿಸಿದೆನೋ ಇಲ್ಲವೋ ನನಗೆ ನೆನಪಿಲ್ಲ. ನಿನ್ನೆಯಿಂದ ನೆನಪು ಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದೇನೆ. ಅಂದು ಏನು ಊಟ ಮಾಡಿದೆ, ಯಾವ ಅಂಗಿ ಹಾಕಿದ್ದೆ, ಅತ್ತೆಯವರ ತಟ್ಟೆಯನ್ನು ಮೇಲೆ ಒಯ್ದಿದ್ದು ಯಾರು, ಎಲ್ಲವೂ ನೆನಪಿದೆ. ಅಂದು ತಮ್ಮ ಮೇಲೆ ನೀಲಿ ಅಂಚಿನ ಟವಲ್ ಇತ್ತೆಂಬುದೂ ನೆನಪಿದೆ, ಏಕೆಂದರೆ ಟೆಸ್ಟರ್ ಮುಟ್ಟಿಸಲು ಅದನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದವನು ನಾನೇ. ಸ್ವಿಚ್ ಮಾತ್ರ ನೆನಪಿಲ್ಲ. ಒಂದು ಅಲ್ಪವಿರಾಮ ತಪ್ಪಿದರೆ ನೂರು ಪುಟ ಹಿಂದಕ್ಕೆ ಹೋಗಿ ಹುಡುಕುವವನು ನಾನೆಂದು ಮುದ್ರಣಾಲಯದಲ್ಲಿ ಒಂದು ಖ್ಯಾತಿ ಇದೆ. ದಯವಿಟ್ಟು ಅದನ್ನು ತಾವು ಯಾರ ಬಳಿಯೂ ಎತ್ತಬಾರದು.

ಇಂದು ಬೆಳಿಗ್ಗೆ ಅತ್ತೆಯವರು ಕೋಣೆಗೆ ಬಂದು, "ಮೆಷಿನ್ ತಿರುಗಿತಂತಲ್ಲ, ಇನ್ನು ಎಷ್ಟು ದಿನ?" ಎಂದು ಕೇಳಿದರು. ಹದಿಮೂರು ಕಂಬ ಪೂರ್ತಿ, ಒಂದು ಅರ್ಧ. ನನ್ನ ವೇಗದಲ್ಲಿ ಇನ್ನೂ ಎರಡು ಭಾನುವಾರ, ಕಂಬಗಳ ಮೇಲೆ ಹಿಡಿಯುವ ಕೈಪಟ್ಟಿ ಕೂರಿಸಲು ಮತ್ತೊಂದು. ಮೂರು ವಾರ ಎಂದು ಹೇಳಿದೆ. ಅವರು ಬಾಲ್ಕನಿಗೆ ಹೋಗಿ ಎದುರು ಮನೆಯವರಿಗೆ, "ಮೂರೇ ವಾರ ಅಂತೆ ಕಣೇ" ಎಂದು ಕೂಗಿ ಹೇಳಿದರು. ಅಷ್ಟು ಖುಷಿಯಿಂದ ಅವರು ಹೇಳದೆ ಇದ್ದಿದ್ದರೆ ನಾನು ಬಹುಶಃ ಈ ಪತ್ರವನ್ನು ಇಷ್ಟಕ್ಕೇ ಮುಗಿಸಿ ಉಳಿ ಮಸೆಯಲು ಕೂರುತ್ತಿದ್ದೆ.

ಆದ್ದರಿಂದ, ಮಾನ್ಯರೇ, ತಮ್ಮ ಸೇವೆಯನ್ನು ಉಳಿದ ಕಂಬಗಳ ಮಟ್ಟಿಗೆ ಬಳಸಿಕೊಳ್ಳದಿರಲು ನಾನು ತೀರ್ಮಾನಿಸಿದ್ದೇನೆ. ಬೀದಿಯ ಕೊನೆಯಲ್ಲಿ ಬಾಗಿಲು ಕಿಟಕಿ ಮಾಡುವ ಬಡಗಿಯೊಬ್ಬರಿದ್ದಾರೆ. ಉಬ್ಬೂ ಇಲ್ಲದ ಕೊರಳೂ ಇಲ್ಲದ ಚೌಕದ ಕೋಲುಗಳನ್ನು ಎರಡು ದಿನದಲ್ಲಿ ನಿಲ್ಲಿಸಿಕೊಡುತ್ತಾರಂತೆ. ಕೆಳಗಿನಿಂದ ಹದಿನೆಂಟು ಕಂಬ ನಾನು ಕಡೆದದ್ದು, ಮೇಲಿನ ಹದಿನಾಲ್ಕು ಅವರು ಕೊಯ್ದದ್ದು. ಮನೆಗೆ ಬಂದವರೆಲ್ಲ ಕಾರಣ ಕೇಳುತ್ತಾರೆ, ಹೆಂಡತಿ ಉತ್ಸಾಹದಿಂದ ಹೇಳುತ್ತಾಳೆ. ಕೇಳಲಿ. ಬಡಗಿಯ ಅಂಗಡಿಗೆ ಭಾನುವಾರ ರಜೆ. ನಾಳೆ ಬೆಳಿಗ್ಗೆ ಮುದ್ರಣಾಲಯಕ್ಕೆ ಹೋಗುವ ದಾರಿಯಲ್ಲಿ ಹೇಳಿಹೋಗುವುದೆಂದು ನಿಶ್ಚಯಿಸಿದ್ದೇನೆ.

ತಮ್ಮ ಮೇಲೆ ಈಗಲೂ ಅಷ್ಟೇ ವಿಶ್ವಾಸವಿರುವ, ಆದರೆ ತಮ್ಮ ಪ್ಲಗ್ಗನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಮಹಡಿಯ ಅಳಿಯ

ವಿಶೇಷ ಸೂಚನೆ: ಇದು ಬಹಿರಂಗ ಪತ್ರವಾದ್ದರಿಂದ ಈ ಕೋಣೆಯ ಬಾಗಿಲಿಗೆ ಅಂಟಿಸಬೇಕೆಂದಿದ್ದೆ. ಅಂಟಿಸಿದರೆ ಮೊದಲು ಓದುವವರು ಅತ್ತೆಯವರು. ಟವಲಿನ ಸಂಗತಿಯನ್ನು ಎಲೆಕ್ಟ್ರಿಷಿಯನ್ ನನಗೊಬ್ಬನಿಗೇ ಹೇಳಿದ್ದು. ಚೀಟಿಗಳು ಅದಲುಬದಲಾಗಿ ಕೆಲಸ ಸ್ವಲ್ಪ ತಡವಾಯಿತೆಂದಷ್ಟೇ ಅತ್ತೆಯವರು ತಿಳಿದಿದ್ದಾರೆ. ತಾವು ಇಪ್ಪತ್ತೇಳು ದಿನ ಬಾಯಿ ಬಿಡಲಿಲ್ಲವೆಂದು ನಾನು ಇಷ್ಟು ಪುಟ ದೂರು ಬರೆದೆ. ನಾನು ಬಾಯಿ ಬಿಡದೆ ಹದಿನೆಂಟು ಗಂಟೆಯಾಯಿತು, ನನ್ನ ಮೇಲೆ ಇನ್ನೂ ಯಾರೂ ಒಂದು ಸಾಲು ಬರೆದಿಲ್ಲ. ಇಂದು ಮಧ್ಯಾಹ್ನದ ತಟ್ಟೆಯನ್ನು ನಾನೇ ಮೇಲೆ ಒಯ್ದು, ಎದುರು ಕುಳಿತು, ಸ್ವಿಚ್ಚಿನ ವಿಷಯವನ್ನೂ ಸೇರಿಸಿ ಎಲ್ಲವನ್ನೂ ಅವರಿಗೆ ಹೇಳುವುದೆಂದು ತೀರ್ಮಾನಿಸಿದ್ದೇನೆ. ಬರೆಯುತ್ತ ಬರೆಯುತ್ತ ಹನ್ನೆರಡಾಯಿತು, ಊಟಕ್ಕೆ ಇನ್ನೂ ಒಂದು ಗಂಟೆ ಇದೆ.