ಗಾದಿಗಿಂತ ಒಂದು ಗೇಣು ಎತ್ತರ

ಸಾವಿರದ ಒಂಬೈನೂರ ಐವತ್ತೊಂದರಲ್ಲಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಇನ್ನೂ ಒಂದು ವರ್ಷ ಇರುವಾಗಲೇ, ನಾನು ಸಾಲಿ ಬಿಟ್ಟೆ. ದುಡಿಮೆ ಮಾತ್ರ ಅಂದಿನಿಂದ ಬಿಟ್ಟಿಲ್ಲ. ಸ್ವಂತ ಧಂದೆಗೆ ಇಳಿಯುವವರಲ್ಲಿ ಎರಡು ನಮೂನಿ: ಹೊಟ್ಟೆಗಾಗಿ ಇಳಿದವರು, ಸಿಟ್ಟಿಗಾಗಿ ಇಳಿದವರು. ಇವರಲ್ಲಿ ಯಾರ ಕೈಯಲ್ಲಿ ರೊಕ್ಕ ಓಡಾಡುತ್ತದೆ ಎಂಬುದು ನನಗೆ ಗೊತ್ತು. ಹೇಳುವಷ್ಟು ಉಮೇದಿ ಉಳಿದಿಲ್ಲ.

ಸಿಂದಗಿಯ ಪೇಟೆಯಲ್ಲಿ ಒಬ್ಬ ಅರಿವೆ ಸಾಹುಕಾರರ ಅಂಗಡಿಯ ಕಟ್ಟೆಯ ಮೇಲೆ ನಾನು, ನನ್ನ ಗೆಳೆಯ ದಸ್ತಗೀರ ಇಬ್ಬರೂ ಅವರದೇ ಹೊಲಿಗೆ ಮಷೀನು ತುಳಿಯುತ್ತಿದ್ದೆವು. ಅವರು ಒಳಗೆ ಗಾದಿಯ ಮೇಲೆ, ನಾವು ಹೊರಗೆ ತಗ್ಗಿನಲ್ಲಿ. ಗಿರಾಕಿ ಕೊಂಡ ಅರಿವೆಯನ್ನು ಕೂತಲ್ಲಿಂದಲೇ ನಮ್ಮತ್ತ ಒಗೆಯುತ್ತಿದ್ದರು. ಒಂದು ಸಂತೆಯ ದಿನ ಅಂಗಿಯ ತುಂಡೊಂದು ಬಂದು ನನ್ನ ತಲೆಯ ಮೇಲೆ ಬಿತ್ತು. "ಮದುಮಗ ಆದಿ ನೋಡಲೇ!" ಎಂದರು. ಸಂತೆಯೇ ನಕ್ಕಿತು. ದಸ್ತಗೀರನೂ ನಕ್ಕ. ನಾನು ಎದ್ದೆ.

ಹೆಂಡತಿಯ ಸೊಂಟದ ಬೆಳ್ಳಿ ಡಾಬು ಮಾರಿ ಎದುರಿಗೇ ಅಂಗಡಿ ಕಟ್ಟಿಸಿದೆ. ಗೌಂಡಿಗೆ ಹೇಳಿದ್ದು ಒಂದೇ ಮಾತು: "ನನ್ನ ನೆಲ ಸಾಹುಕಾರರ ಗಾದಿಗಿಂತ ಒಂದು ಗೇಣು ಎತ್ತರ ಇರಬೇಕು." ಐದು ಕಡಿದಾದ ಮೆಟ್ಟಿಲಾದವು. ಮೊದಲ ದಿನ ಮೇಲೆ ಕೂತು ಸಾಹುಕಾರರ ಬೋಳುತಲೆ ನೋಡಿದೆನಲ್ಲ, ಆ ಸುಖಕ್ಕೆ ಬೆಲೆ ಕಟ್ಟಲಾಗದು. ಯಾರೂ ಕಟ್ಟಲೂ ಇಲ್ಲ.

ಅದೇ ವರ್ಷ ದಸ್ತಗೀರನಿಗೆ ಮೂರನೆಯ ಮಗಳು ಹುಟ್ಟಿದಳು; ತಿನ್ನುವ ಬಾಯಿ ಹೆಚ್ಚಿತೆಂದು ಅವನೂ ಸ್ವಂತ ಮಷೀನು ತಂದ. ಆದರೆ ಸಾಹುಕಾರರಿಗೆ ಬಾಡಿಗೆ ಕೊಟ್ಟು ಅದೇ ಕಟ್ಟೆಯ ಮೇಲೇ ಕೂತ. "ತಲಿ ಮ್ಯಾಲ ಬಿದ್ರ ಏನಾತೋ? ಬಿದ್ದದ್ದು ಅರಿವಿ, ಕಲ್ಲಲ್ಲ. ಹೊಲಿದ್ರ ರೊಟ್ಟಿ ಆಕ್ಕೈತಿ," ಎಂದ.

ಮೋರಟಗಿಯ ಮುದುಕಿಯೊಬ್ಬಳು ನನ್ನ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದಳು. "ಯಪ್ಪಾ, ಕುಬಸಾ ಹೊಲಿಸಾಕ ಬಂದೇನಿ, ಗುಡ್ಡಾ ಏರಾಕಲ್ಲ," ಎಂದು ದಸ್ತಗೀರನ ಕಡೆ ನಡೆದಳು. ಅವಳ ಹಿಂದೆ ಊರೂ ನಡೆಯಿತು.

"ಅಲ್ರೀ, ಎರಡು ಮೆಟ್ಟಲಾ ಕೆಡವ್ರಿ. ನನ್ನ ಡಾಬು ಆ ಕಲ್ಲಾಗ ಐತಿ," ಎಂದಳು ಹೆಂಡತಿ.

"ಸಾಹುಕಾರ ನಗ್ತಾನ."

"ಈಗೇನು ಅಳಾಕತ್ತಾನೇನ್ರಿ?"

ಕೆಡವಲಿಲ್ಲ. ಈ ಪಂಚಮಿಗೆ ದಸ್ತಗೀರನಿಗೆ ಕೆಲಸ ಕೈಮೀರಿತು. "ಏ ದೋಸ್ತ, ಅರ್ಧಾ ನೀ ಹೊಲಿಯೋ!" ಎಂದು ಕೆಳಗಿನಿಂದ ಕೂಗಿದ.

"ಮ್ಯಾಲ ತಂದು ಕೊಡು," ಎಂದೆ, ಗತ್ತಿನಿಂದಲೇ.

"ಮೊಣಕಾಲ ನೋಯ್ತಾವ. ನೀನೇ ಇಳಿ."

ಇಳಿದೆ. ಹಬ್ಬ ಮುಗಿಯಿತು, ಇಳಿಯುವುದು ಮುಗಿಯಲಿಲ್ಲ. ದಿನಾ ಮುಂಜಾನೆ ಹೋಗಿ ಆ ಕಟ್ಟೆಯ ಮುಂದೆ ನಿಲ್ಲುತ್ತೇನೆ. ದಸ್ತಗೀರ ಅರಿವೆಯನ್ನು ಕೈಗೇ ಕೊಡುತ್ತಾನೆ, ಒಗೆಯುವುದಿಲ್ಲ. ಅದನ್ನು ಹೊತ್ತು, ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಮತ್ತೆ ನನ್ನ ಎತ್ತರಕ್ಕೆ ಏರುತ್ತೇನೆ.

ಇವತ್ತು ನನಗಿರುವುದು: ಸ್ವಂತ ಅಂಗಡಿ ಒಂದು, ಮಷೀನು ಒಂದು, ಕತ್ತರಿ ಎರಡು, ಮೆಟ್ಟಿಲು ಐದು. ಗಿರಾಕಿ ಒಬ್ಬ.