ಡಬ್ಬಿ ಅಂದರೆ ಡಬ್ಬಿಯಲ್ಲ

ದಾಂಡೇಲಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಉದಯಕುಮಾರನನ್ನು ಧಾರವಾಡಕ್ಕೆ ಇಪ್ಪತ್ತೊಂದು ದಿನದ ತರಬೇತಿಗೆ ಕಳಿಸಿದ್ದೇ ತಪ್ಪಾಯಿತು. ಇಪ್ಪತ್ತು ದಿನ ಅವನು ಹಿಂದಿನ ಬೆಂಚಿನಲ್ಲಿ ತೂಕಡಿಸಿದ. ಉಳಿದ ಒಂದು ದಿನ, ಚಹಾ ಗಟ್ಟಿಯಾಗಿತ್ತೋ ಏನೋ, ಎಚ್ಚರವಾಗಿದ್ದ. ಅಂದೇ ಮನೋವಿಶ್ಲೇಷಣೆಯ ಉಪನ್ಯಾಸ. ಕತೆಯ ಪಾತ್ರವೊಂದು ಏನೇ ಮಾಡಿದರೂ ಅದರ ಕಾರಣ ಅದರ ಸುಪ್ತ ಮನಸ್ಸಿನಲ್ಲಿ ಅಡಗಿರುತ್ತದೆ, ಆ ಮನಸ್ಸನ್ನು ಕೆದಕಿದರೆ ಕೊನೆಗೆ ಬರೆದವನೇ ಸಿಕ್ಕಿಬೀಳುತ್ತಾನೆ ಎಂದು ಉಪನ್ಯಾಸಕರು ಹೇಳಿದರು. ಉದಯಕುಮಾರ ನಲವತ್ತು ಪುಟ ಬರೆದುಕೊಂಡ.

ಅಲ್ಲಿಂದ ಬಂದ ಮೇಲೆ ದಾಂಡೇಲಿಯಲ್ಲಿ ಯಾವ ಪಾತ್ರಕ್ಕೂ ನೆಮ್ಮದಿ ಇಲ್ಲದಂತಾಯಿತು. ಪಾಠದಲ್ಲಿ ಬಾವಿ ಬಂದರೆ ಅದು ಬಾವಿಯಲ್ಲ, ಬೀಗ ಬಂದರೆ ಅದು ಬೀಗವಲ್ಲ. ಪಾತ್ರಗಳು ಮುಗಿದ ಮೇಲೆ ಮನುಷ್ಯರಿಗೆ ಕೈ ಹಾಕಿದ. ಪ್ರಾಚಾರ್ಯರು ಛತ್ರಿ ಮರೆತು ಬಂದಾಗ, "ನಿಮಗ ಒಳಗಿಂದೊಳಗ ಕಾಲೇಜಿಗೆ ಬರೂ ಮನಸ್ಸಿಲ್ರಿ ಸರ್" ಎಂದುಬಿಟ್ಟ. ಆ ವರ್ಷದ ಪರೀಕ್ಷಾ ಮೇಲ್ವಿಚಾರಣೆ ಪೂರ್ತಿ ಅವನ ಪಾಲಿಗೆ ಬಂತು.

ಇದೆಲ್ಲ ಹೋಗಲಿ ಎನ್ನಬಹುದಿತ್ತು. ಆದರೆ ಅವನಿಗೆ ಮೂವತ್ಮೂರು ತುಂಬಿತ್ತು, ಹನ್ನೊಂದು ಕಡೆ ಹೆಣ್ಣು ನೋಡಿ ಹನ್ನೊಂದೂ ಕಡೆ ಮಾತು ಮುರಿದಿತ್ತು. ತೊಂಬತ್ತೊಂಬತ್ತರ ಆ ಚಳಿಗಾಲದಲ್ಲಿ ಹನ್ನೆರಡನೆಯದು ಕೂಡಿಬಂದಿತ್ತು. ಹಳಿಯಾಳದ ನಿವೃತ್ತ ಮಾಸ್ತರ ಮಹಾಂತಪ್ಪನವರ ಮಗಳು ಸುನಂದಾ. ಫೋಟೊದಲ್ಲಿ ಅವಳ ಕಣ್ಣು ನೋಡಿದ ದಿನದಿಂದ ಉದಯಕುಮಾರನಿಗೆ ಮೆಸ್ಸಿನ ಸಾರು ಕೂಡ ರುಚಿಯಾಗತೊಡಗಿತ್ತು. ಈ ಸಲ ತಪ್ಪಿದರೆ ತನ್ನ ಕತೆ ಮುಗಿದಂತೆ ಎಂದು ಅವನಿಗೆ ನಿಜಕ್ಕೂ ಭಯವಿತ್ತು.

ರವಿವಾರ ಬೆಳಿಗ್ಗೆ ಹಳಿಯಾಳದ ಬಸ್ ನಿಲ್ದಾಣದಲ್ಲಿ ಕರಿಬಸಪ್ಪ ಕಾಯುತ್ತಿದ್ದ. ಬಿ.ಎ. ಓದುವಾಗಿನ ಗೆಳೆಯ, ಈಗ ಅಲ್ಲೇ ಟೈಪಿಂಗ್ ಕ್ಲಾಸು ನಡೆಸುವವನು, ಅವನೂ ಲಗ್ನವಾಗದವನು. ಈ ಸಂಬಂಧ ಕುದುರಿಸಿದವನು ಅವನೇ.

"ನೋಡಪಾ ಉದಯಾ, ಇವತ್ತೊಂದು ದಿನ ನಿನ್ನ ಆ ಸುಪ್ತ ಮನಸ್ಸು ಬಸ್ಸಿನ್ಯಾಗ ಬಿಟ್ಟು ಬಾ. ಹುಡುಗಿ ನಿನ್ನ ಪಗಾರ ಕೇಳಿಲ್ಲ, ಫೋಟೊ ಕೇಳಿಲ್ಲ. ಹೆಸರು ಹೇಳಿದ ಕೂಡ್ಲೆ ಹೂಂ ಅಂದಾಳ. ಯಾಕ ಅಂತ ನನಗೂ ತಿಳಿವಲ್ದು."

"ಅದರಾಗ ತಿಳೀಲಾರದ್ದು ಏನೈತಿ? ಉದಯ ಅಂದ್ರ ಸೂರ್ಯ. ಸೂರ್ಯ ಅಂದ್ರ ತಂದಿ. ಹುಡುಗಿ ನನ್ನ ಹೆಸರಿನ್ಯಾಗ ತಂದೀನ ಹುಡುಕ್ಯಾಳ."

"ಇದನ್ನ ಅವರ ಅಪ್ಪನ ಮುಂದ ಹೇಳಬ್ಯಾಡ, ನಿನ್ನ ಕಾಲಿಗೆ ಬೀಳ್ತೇನಿ."

ಮಹಾಂತಪ್ಪನವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೆಣ್ಣು ನೋಡಲು ಬಂದವರಿಗೆ ಮೊದಲು ಚಹಾ. ಮಾತು ಕೂಡಿದರೆ ಮಾತ್ರ ಒಳಗಿನಿಂದ ಶಿರಾ. ಶಿರಾ ಬಂತೆಂದರೆ ಸಂಬಂಧ ಗಟ್ಟಿ. ಇವರು ಜಮಖಾನದ ಮೇಲೆ ಕೂಡುವ ಹೊತ್ತಿಗೆ ಅಡಿಗೆಮನೆಯಲ್ಲಿ ರವೆ ಹುರಿದ ವಾಸನೆ ಎದ್ದಿತ್ತು. ಉದಯಕುಮಾರ ಮೂಗರಳಿಸಿ ಗೆಳೆಯನನ್ನು ತಿವಿದ.

ಪಕ್ಕದ ಮನೆಯ ಸುಶೀಲವ್ವ ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಬಂದು ಕಂಬಕ್ಕೊರಗಿ ಕೂತಿದ್ದಳು. ಎದುರು ಮನೆಯ ಮುದಕಪ್ಪಜ್ಜನಿಗೆ ನೆಪವೂ ಬೇಕಾಗಿರಲಿಲ್ಲ. ನೇರವಾಗಿ ಬಂದು ಗಂಡಿನ ಪಕ್ಕದಲ್ಲೇ ಕೂತ.

"ಮಾಸ್ತರ, ನೀವು ಕತ್ಯಾಗಿನ ಮಂದೀ ಮನಸು ಓದ್ತೀರಂತಲ್ರಿ," ಎಂದಳು ಸುಶೀಲವ್ವ. "ನಮ್ಮ ಮನ್ಯಾವರು ದಿನಾ ಕನಸಿನ್ಯಾಗ ಎತ್ತಿನ ಜೋಡಿ ಗುದ್ದಾಡ್ತಾರ. ಏನಿರಬೇಕ್ರಿ?"

ಕರಿಬಸಪ್ಪ ಕೆಮ್ಮಿದ. ಉದಯಕುಮಾರ ಕೇಳಿಸಿಕೊಳ್ಳಲಿಲ್ಲ. "ನಿಮ್ಮ ಮನಿಯವರಿಗೆ ಮಾವ ಅದಾರೇನ್ರಿ?"

"ಹೌದ್ರಿ! ಹೋದ ವಾರನ ಜಗಳ ಆಗೇತಿ!"

"ಆ ಎತ್ತು ಅವರ."

ಮನೆಯೆಲ್ಲ ಅಬ್ಬಬ್ಬಾ ಎಂದಿತು. ತನ್ನಪ್ಪನನ್ನು ಎತ್ತು ಎಂದರೆಂಬುದು ಸುಶೀಲವ್ವನಿಗೂ ಹೊಳೆಯಲಿಲ್ಲ. ಮಹಾಂತಪ್ಪನವರ ಮುಖದಲ್ಲಿ ತುಂಟ ನಗೆ ಮೂಡಿತು. "ಹಂಗಾದ್ರ ನಮ್ಮ ಸುನಂದಾನ ಮೆಚ್ಚಿನ ಕತಿ ಒಂದೈತ್ರಿ. ಅದರಾಗಿನ ಮನಶ್ಯಾನ್ನ ಸ್ವಲ್ಪ ಬಿಡಿಸಿ ಹೇಳ್ರಿ ನೋಡೂಣು. ಬರದವರ ಹೆಸರು ಆಮ್ಯಾಲೆ ಹೇಳ್ತೇವಿ. ಮಗಳೇ, ತಗೊಂಡು ಬಾ."

ಸುನಂದಾ ವೃತ್ತಪತ್ರಿಕೆಯ ಹೊದಿಕೆ ಹಾಕಿದ ಹಳೆಯ ಪುಸ್ತಕ ತಂದು, ಲೇಖಕನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಓದತೊಡಗಿದಳು. ಚಂದ್ರಣ್ಣ ಎಂಬ ಹುಡುಗ ದಿನಾ ಅವ್ವ ಕಟ್ಟಿಕೊಟ್ಟ ಡಬ್ಬಿ ಹಿಡಿದು ಮೌಳಂಗಿಯ ಹೊಳೆದಂಡೆಗೆ ಹೋಗುತ್ತಾನೆ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಹುಡುಗಿಯನ್ನು ನೋಡುತ್ತಾನೆ. ದಾಟುವುದಿಲ್ಲ. ಕೊನೆಗೊಂದು ದಿನ ಡಬ್ಬಿ ಹೊಳೆಗೆ ಎಸೆದು ಮನೆಗೆ ಹೋಗುತ್ತಾನೆ. ಇಷ್ಟೇ ಕತೆ. ಅವಳು ಓದಿದ್ದು ಮಾತ್ರ ಚೆಂದವಿತ್ತು, ಕೊನೆಯ ಸಾಲಿಗೆ ದನಿ ಸಣ್ಣಗೆ ನಡುಗಿತು.

ಮೊದಲ ಸಾಲಿಗೇ ಕರಿಬಸಪ್ಪನ ಮುಖ ಬಿಳಿಚಿತ್ತು. ಅವನು ಗೆಳೆಯನ ತೊಡೆ ಚಿವುಟಿದ, ಕಾಲು ತುಳಿದ, "ಉದಯಾ, ಹೊರಗ ಬಾ, ಒಂದು ಮಾತೈತಿ" ಎಂದ.

"ನೋಡಿದ್ರಿ?" ಎಂದ ಉದಯಕುಮಾರ ಸಭೆಗೆ. "ಸತ್ಯ ಹೊರಗ ಬರೂವಾಗ ಕೇಳುವವರೊಳಗ ಹಿಂಗ ಚಡಪಡಿಕಿ ಆಗ್ತೈತಿ. ಇದಕ್ಕ ಪ್ರತಿರೋಧ ಅಂತಾರ. ಕೂಡಪಾ ಕರಿಬಸ್ಯಾ."

ಕರಿಬಸಪ್ಪ ಕೂತ. ಉದಯಕುಮಾರ ಎದ್ದು ನಿಂತ. "ಮೊದಲ ಮಾತು, ಡಬ್ಬಿ ಅಂದ್ರ ಡಬ್ಬಿಯಲ್ಲ. ಡಬ್ಬಿ ಅಂದ್ರ ಅವ್ವ. ಇಷ್ಟು ದೊಡ್ಡಾವ ಆದ್ರೂ ಅವ್ವನ ಸೆರಗು ಬಿಟ್ಟಿಲ್ಲ. ಹೊಳಿ ಅಂದ್ರ ಹೊಳಿಯಲ್ಲ, ಸಂಸಾರದ ಭಯ. ಕಡೀಕೆ ಡಬ್ಬಿ ಒಗದಾನ. ಅಂದ್ರ ಅವ್ವನ ಮ್ಯಾಲೂ ಸಿಟ್ಟು!"

ಮಹಾಂತಪ್ಪನವರ ನಗೆ ಸ್ವಲ್ಪ ಸಡಿಲವಾಯಿತು. ಹುಡುಗನಿಗೆ ವಿನಯ ಹೆಚ್ಚು ಎಂದುಕೊಂಡರೇನೋ. "ಅಂದ್ರ... ಬರದಾವ?"

"ಚಂದ್ರಣ್ಣ ಬರೀ ಮುಖವಾಡ್ರಿ. ಬರದಾವನ ಚಂದ್ರಣ್ಣ. ಅಂಜುಬುರಕ, ಕದ್ದು ನೋಡಾಂವ, ಅವ್ವನ್ನ ಹೊಳಿಗೆ ಒಗ್ಯಾಂವ."

"ಅಯ್ಯ ಶಿವನ! ಇಂಥಾವಗ ಹೆಣ್ಣು ಕೊಡಬೌದೇನ್ರಿ?" ಸುಶೀಲವ್ವ ಕೇಳಿದಳು.

"ಕೊಡೂದಕ್ಕಿಂತ ಹುಡುಗೀನ ಸೀದಾ ಹೊಳಿಗೆ ಒಗೀರಿ. ಬೇಕಾದ್ರ ಕಾಗದದ ಮ್ಯಾಲೆ ನಾ ಇದನ್ನ ಬರದುಕೊಡ್ತೇನಿ."

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಸುನಂದಾ ಪುಟದ ಮೇಲಿನ ಬೆರಳು ತೆಗೆದಳು. ಮಹಾಂತಪ್ಪನವರು ಪುಸ್ತಕವನ್ನು ತಿರುಗಿಸಿ ಅವನ ಮುಂದೆ ಹಿಡಿದರು. ಅದು ಹಳಿಯಾಳದಲ್ಲಿ ಅವನು ಓದಿದ ಕಾಲೇಜಿನ ಹನ್ನೆರಡು ವರ್ಷದ ಹಿಂದಿನ ವಾರ್ಷಿಕ ಸಂಚಿಕೆ. ಕತೆಯ ತಲೆಯ ಮೇಲೆ ಮಸಿ ಮೆತ್ತಿದ ಒಂದು ಸಣ್ಣ ಫೋಟೊ. ಕೆಳಗೆ, ಉದಯಕುಮಾರ, ಬಿ.ಎ. ಅಂತಿಮ ವರ್ಷ, ಕಾರ್ಯದರ್ಶಿ, ಕನ್ನಡ ಸಂಘ.

"ಇದು ನಿಮ್ಮ ಕತಿ ಅಂತನ ನಮ್ಮ ಹುಡುಗಿ ಹೂಂ ಅಂದಿದ್ಳರಿ," ಎಂದರು ಮಹಾಂತಪ್ಪನವರು ತಣ್ಣಗೆ.

ಉದಯಕುಮಾರ ಬಗ್ಗಿ ಫೋಟೊ ನೋಡಿದ. ಆಗ ನೆನಪಾಯಿತು. ಕಾರ್ಯದರ್ಶಿ ಒಂದು ಕತೆ ಕೊಡಲೇಬೇಕೆಂದು ಪ್ರಾಧ್ಯಾಪಕರು ಪಟ್ಟು ಹಿಡಿದಿದ್ದರು. ಅವನು ಎರಡು ಪ್ಲೇಟು ಮಿರ್ಚಿ ಭಜಿ ತಿನ್ನಿಸಿ ಕರಿಬಸಪ್ಪನಿಂದ ಬರೆಸಿ, ಓದದೆ ಕೊಟ್ಟಿದ್ದ. ಎಲ್ಲ ಕಾಲೇಜುಗಳಂತೆ ಅಲ್ಲೂ ಸಂಚಿಕೆ ಅಚ್ಚಾಗಿ ಬರುವ ಹೊತ್ತಿಗೆ ಓದಿದವರು ಪಾಸಾಗಿ ಊರು ಬಿಟ್ಟಿದ್ದರು. ತನ್ನ ಹೆಸರಿನ ಕತೆಯನ್ನು ಅವನು ಇವತ್ತೇ ಮೊದಲು ಕೇಳಿದ್ದು.

ತಾನೇ ಬರೆದೆ ಎಂದರೆ ಹೆಣ್ಣು ಕೊಡಬಾರದ ಮನುಷ್ಯ. ಬರೆದಿಲ್ಲ ಎಂದರೆ ಇನ್ನೊಬ್ಬನ ಕತೆಗೆ ತನ್ನ ಫೋಟೊ ಅಂಟಿಸಿಕೊಂಡವನು. ಎರಡರಲ್ಲಿ ಸಣ್ಣ ತಪ್ಪು ಯಾವುದೆಂದು ತೂಗಿ ನೋಡಲು ಅವನಿಗೆ ವೇಳೆ ಇರಲಿಲ್ಲ.

"ನಾ ಬರದಿಲ್ರಿ!" ಕೂಗಿಯೇಬಿಟ್ಟ. "ದೇವರಾಣಿ, ಇಂವ ಬರದಾನ! ಇಂವನ ಅಂಜುಬುರಕ!"

ಎಲ್ಲರೂ ಕರಿಬಸಪ್ಪನತ್ತ ತಿರುಗಿದರು. ಅವನು ಜಮಖಾನದ ದಾರ ಕೀಳುತ್ತ ತಲೆ ತಗ್ಗಿಸಿದ್ದ. ಸುನಂದಾ ಮೊದಲ ಸಲ ನೇರವಾಗಿ ಮಾತಾಡಿದಳು.

"ಆ ಡಬ್ಬಿ ಯಾಕ ಒಗದ್ರಿ?"

"ಅದರಾಗ ಉಪ್ಪಿಟ್ಟಿತ್ತರಿ," ಎಂದ ಕರಿಬಸಪ್ಪ ಮೆಲ್ಲಗೆ. "ನಮ್ಮವ್ವ ದಿನಾ ಅದನ್ನ ಮಾಡ್ತಿದ್ಲು. ನನಗ ಸೇರ್ತಿದ್ದಿಲ್ಲ. ನಾ ಬರೀ ಉಪ್ಪಿಟ್ಟು ಮೀನಿಗೆ ಹಾಕಿ ಡಬ್ಬಿ ತಿರುಗಿ ಒಯ್ತಿದ್ನಿರಿ. ಡಬ್ಬಿ ಒಗದ್ರ ಅವ್ವ ಬಿಡ್ತಿದ್ಲೇನ್ರಿ? ಅದೊಂದು ಕತಿಗೆ ಅಂತ ಬರದೆ."

ಸುನಂದಾ ಸೆರಗು ಬಾಯಿಗೊತ್ತಿ ನಕ್ಕಳು. ಮಹಾಂತಪ್ಪನವರು ಗಂಟಲು ಸರಿಮಾಡಿಕೊಂಡು, "ಟೈಪಿಂಗ್ ಕ್ಲಾಸು ಹೆಂಗ ನಡದೈತ್ರಿ ಕರಿಬಸಪ್ಪ?" ಎಂದು ಕೇಳಿದರು. ಮುದಕಪ್ಪಜ್ಜ ಸದ್ದಿಲ್ಲದೆ ಎದ್ದು ಹೋಗಿ ಕರಿಬಸಪ್ಪನ ಪಕ್ಕದಲ್ಲಿ ಕೂತ. ಒಳಗಿನಿಂದ ಹುಡುಗಿಯ ತಾಯಿ ಕಾಶೆವ್ವ ತುಪ್ಪ ಸುರಿದ ಶಿರಾದ ತಾಟು ತಂದಳು. ಉದಯಕುಮಾರ ಕೈ ಚಾಚಿದ. ತಾಟು ಅವನ ಕೈಯ ಮೇಲಿಂದ ಹಾದು ಕರಿಬಸಪ್ಪನ ಮುಂದೆ ಇಳಿಯಿತು.

ಸಂಜೆ ದಾಂಡೇಲಿ ಬಸ್ಸಿನ ಕಿಟಕಿಯ ಬಳಿ ಕರಿಬಸಪ್ಪ ಓಡಿ ಬಂದ. ಕೈಯಲ್ಲಿ ಸ್ಟೀಲಿನ ಡಬ್ಬಿ.

"ಉಳಿದ ಶಿರಾ ಬಿಸಿ ಮಾಡಿ ನಿನಗ ಕಟ್ಟ್ಯಾರ. ಡಬ್ಬಿ ಮಾತ್ರ ತಿರುಗಿ ಬೇಕಂತ. ಲಗ್ನಕ್ಕ ಬರೂವಾಗ ತರಬೇಕಂತ ಕಾಶೆವ್ವ ಹೇಳ್ಯಾಳ." ಅವನು ನಿಜವಾದ ಕಾಳಜಿಯಿಂದ ಕೇಳಿದ. "ಇದಕ್ಕ ಒಳಗ ಬ್ಯಾರೆ ಏನರ ಅರ್ಥ ಇರಬೇಕೇನು ಉದಯಾ?"

ಉದಯಕುಮಾರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಇನ್ನೂ ಬಿಸಿಯಿತ್ತು.

"ಏನೂ ಇಲ್ಲ," ಎಂದ. "ಡಬ್ಬಿ ಅಂದ್ರ ಡಬ್ಬಿ."